ಮೊದ್ದುವಿಗೆ ಪಾಠ ಹೇಳುವಾಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿನಾಯಿಗಳನ್ನು ಸಾಕುವ ಆಶ್ರಯಧಾಮದ ಸಿಮೆಂಟು ಅಂಗಳದಲ್ಲಿ ತರಬೇತುಗಾರ್ತಿ ಮಂಡಿಯೂರಿ ಕೂತು ಬಟ್ಟೆ ಚೆಂಡು ಎಸೆಯುತ್ತಿದ್ದಾರೆ. ಕಂದು ನಾಯಿ ಓಡುತ್ತದೆ, ಚೆಂಡಿನ ಹತ್ತಿರ ನಿಂತು ಯೋಚಿಸುತ್ತದೆ, ಆಮೇಲಷ್ಟೇ ಕಚ್ಚಿಕೊಂಡು ಬರುತ್ತದೆ. ಹೀಗೆ ನಿಂತು ಯೋಚಿಸುವುದಕ್ಕೇ ಅದಕ್ಕೆ 'ಮೊದ್ದು' ಎಂಬ ಹೆಸರು ಬಿದ್ದಿದೆ.

ಗಾಲಿಕುರ್ಚಿಯಲ್ಲಿರುವವರಿಗೆ ಕೆಳಗೆ ಬಿದ್ದದ್ದನ್ನು ಎತ್ತಿಕೊಡುವ ಕೆಲಸಕ್ಕೆ ಇಂದು ಮೊದ್ದುವಿನ ಪರೀಕ್ಷೆ. ಈಗಾಗಲೇ ಒಮ್ಮೆ ಫೇಲಾಗಿದೆ. ಮತ್ತೆ ಫೇಲಾದರೆ ಹಿಂದಿನ ಸಾಲಿನ ಪಂಜರವೇ ಗತಿ. ಅಲ್ಲಿ ಸೇರಿದ ದೊಡ್ಡ ನಾಯಿಗಳನ್ನು ಯಾರೂ ಕೇಳಿಕೊಂಡು ಬರುವುದಿಲ್ಲ.

"ಮಗಳ ಪರೀಕ್ಷೆಗೂ ಇಷ್ಟು ಹೆದರಿರಲಿಲ್ಲ," ಎನ್ನುತ್ತಾರೆ ತರಬೇತುಗಾರ್ತಿ. "ಅವಳಿಗೆ ಅದೇ ಸಿಟ್ಟು."

ಇಲ್ಲಿಗೆ ಪಂಜರ ತೊಳೆಯಲು ಬಂದವರು ಇವರು. ಪಾರ್ಶ್ವವಾಯು ಬಡಿದು ಮಲಗಿದ್ದ ಅಪ್ಪನ ಕನ್ನಡಕ ಬಿದ್ದಾಗಲೆಲ್ಲ ಮನೆಯ ನಾಯಿ ಎತ್ತಿಕೊಡುತ್ತಿದ್ದುದನ್ನು ಕಂಡು ಈ ಕೆಲಸಕ್ಕೆ ಮನಸ್ಸು ತಿರುಗಿತು. ಮುಂಗೈ ತುಂಬ ಹಲ್ಲಿನ ಗುರುತು. 'ನಾಯಿ ಟೀಚರ್' ಎಂದು ಅಣ್ಣ ಕಾಲೆಳೆಯುವುದು ಇನ್ನೂ ನಿಂತಿಲ್ಲ.

"ಆಟ ಅಂದ್ಕೊಂಡ್ರೆ ಮಾತ್ರ ಕಲಿಯುತ್ತೆ. ನಾವು ಹೆದರಿದ್ರೆ ಮುಖ ನೋಡೇ ಹಿಡಿದುಬಿಡುತ್ತೆ," ಎನ್ನುವಾಗ ಅವರ ತುಟಿ ಒಣಗಿದೆ.

ಪರೀಕ್ಷೆ ನಡೆಯುವುದು ಒಳಗಿನ ಕೋಣೆಯಲ್ಲಿ. ನಾಯಿ ಬೇಕೆಂದಿರುವ ಟೈಲರಮ್ಮ ಗಾಲಿಕುರ್ಚಿಯಲ್ಲಿ ಕೂತಿದ್ದಾರೆ, ಪಕ್ಕದಲ್ಲಿ ತಂಗಿ. ಪರೀಕ್ಷಕರು ಹೇಳಿದಂತೆ ಟೈಲರಮ್ಮ ಫೋನು ಬೀಳಿಸುತ್ತಾರೆ. ಅದು ಜಾರಿಕೊಂಡು ಕಬ್ಬಿಣದ ಕಪಾಟಿನ ಅಡಿಗೆ ಸೇರುತ್ತದೆ. ಮೊದ್ದು ಮೂತಿ ತೂರಿಸುತ್ತದೆ, ಕಾಲು ಹಾಕಿ ಕೆದಕುತ್ತದೆ. ಸಿಗುವುದಿಲ್ಲ. ತಿರುಗಿ ತರಬೇತುಗಾರ್ತಿಯನ್ನೇ ನೋಡುತ್ತದೆ. ಸಣ್ಣ ಸನ್ನೆ ಮಾಡಿದರೂ ಫೇಲು. ಅವರು ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಾರೆ.

ಮೊದ್ದು ನಿಂತಲ್ಲೇ ನಿಲ್ಲುತ್ತದೆ. ಪರೀಕ್ಷಕರು ಗಡಿಯಾರ ನೋಡುತ್ತಾರೆ. ಆಗ ಅದು ನೇರ ತಂಗಿಯ ಬಳಿ ಹೋಗಿ, ಅವಳ ಬಟ್ಟೆಯ ಅಂಚು ಹಿಡಿದು, ಕಪಾಟಿನವರೆಗೂ ಎಳೆದುಕೊಂಡು ಬರುತ್ತದೆ.

"ಅದು ತರಲಿಲ್ಲವಲ್ಲ," ಎನ್ನುತ್ತಾರೆ ಪರೀಕ್ಷಕರು.

"ತರೋರನ್ನ ಕರ್ಕೊಂಡು ಬಂತಲ್ಲ," ಎನ್ನುತ್ತಾರೆ ಟೈಲರಮ್ಮ. "ನಾಳೆ ನಾನೇ ಬಿದ್ರೆ ನನ್ನನ್ನ ಬಾಯಲ್ಲಿ ಕಚ್ಕೊಂಡು ಬರಕ್ಕಾಗುತ್ತಾ? ನನಗೆ ಇದೇ ನಾಯಿ ಬೇಕು."

ಪರೀಕ್ಷಕರು ಹಾಳೆಯಲ್ಲಿ ಗುರುತು ಹಾಕಿ, "ಸರಿ, ಪಾಸು," ಎನ್ನುತ್ತಾರೆ.

"ಇದನ್ನ ನಾನು ಕಲಿಸಿರಲಿಲ್ಲ," ಎನ್ನುತ್ತಾರೆ ತರಬೇತುಗಾರ್ತಿ.

ಹೊರಗೆ ಮೊದ್ದು ಟೈಲರಮ್ಮನ ಕಾರು ಹತ್ತುತ್ತಿದೆ. ತರಬೇತುಗಾರ್ತಿ ಗೇಟಿನವರೆಗೂ ಹೋಗುವುದಿಲ್ಲ.

"ನನ್ನ ದನಿ ಕೇಳಿದ್ರೆ ಅವರನ್ನ ಬಿಟ್ಟು ಓಡಿ ಬರುತ್ತೆ. ಎಂದಾದ್ರೂ ದಾರೀಲಿ ಸಿಕ್ಕಾಗ, ನನ್ನ ಕಂಡ್ರೂ ಅವರ ಪಕ್ಕಾನೇ ನಿಂತಿರ್ಬೇಕು. ಬಾಲ ಒಂಚೂರು ಆಡಿಸಿದ್ರೆ ಸಾಕು."