ನಾಲ್ಕು ವರ್ಷ ಹೋಗದಿದ್ದ ಕಲೆಗಳು

"ಅಮ್ಮಾ, ಇಸ್ತ್ರಿ ಅಜ್ಜಿ ಯಾಕೆ ಬಟ್ಟೆನೆಲ್ಲ ನನ್ನ ಹತ್ರ ಮೂಸಿಸ್ತಾರೆ? ಅವ್ರಿಗೆ ಮೂಗಿಲ್ವಾ?"

ಕೇಳಿದ್ದು ಆರು ವರ್ಷದ ಪುಟ್ಟಿ. ಮನೆಯಲ್ಲಿ ಅಮ್ಮನ ಮಡಿಲಲ್ಲಿ ಕೂತು ಕೇಳಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಅವಳು ಕೇಳಿದ್ದು ಇಸ್ತ್ರಿ ಅಂಗಡಿಯ ಮೇಜಿನ ಮುಂದೆಯೇ ನಿಂತು, ಅದೂ ತರಗತಿಯಲ್ಲಿ ಹಾಜರಿ ಕೂಗಿದಷ್ಟು ಗಟ್ಟಿಯಾಗಿ. ಮೇಜಿನ ಆಚೆ ಪುಟ್ಟಿಯ ಶಾಲೆಯ ಅಂಗಿಯನ್ನೇ ಇಸ್ತ್ರಿ ಮಾಡುತ್ತಿದ್ದ ಅಕ್ಕನ ಕೈ ನಿಂತಲ್ಲೇ ನಿಂತಿತು.

ಅಜ್ಜಿ ಅನ್ನುವುದು ಪುಟ್ಟಿ ಒಬ್ಬಳೇ. ಮಿಕ್ಕವರಿಗೆಲ್ಲ ಅವಳು ಇಸ್ತ್ರಿ ಅಕ್ಕ. ಮೂರು ಅಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗೆ, ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುವಂಥ ಜಾಗದಲ್ಲಿ ಇಪ್ಪತ್ತೈದು ವರ್ಷದಿಂದ ಅವಳ ಅಂಗಡಿ. ಮೇಜಿನ ಮೇಲೆ ಮಡಿಸಿದ ಹಳೆಯ ಕಂಬಳಿ, ಅದರ ಮೇಲೆ ಬಿಳಿ ಬಟ್ಟೆ, ಪಕ್ಕದಲ್ಲಿ ಇಸ್ತ್ರಿಪೆಟ್ಟಿಗೆ. ಹಿಂದಿನ ಹಲಗೆಯ ಮೇಲೆ ಒಂದೇ ಥರದ ಎರಡು ಬಾಟಲಿಗಳಿದ್ದವು. ಒಂದರಲ್ಲಿ ಬಟ್ಟೆಗೆ ಚಿಮುಕಿಸುವ ನೀರು, ಇನ್ನೊಂದರಲ್ಲಿ ಕಲೆ ತೆಗೆಯುವ ಸ್ಪಿರಿಟ್. ಯಾವುದು ಯಾವುದೆಂದು ಗುರುತು ಹಾಕಿರಲಿಲ್ಲ. ಮುಚ್ಚಳ ತೆಗೆದು ಮೂಗಿನ ಮುಂದೆ ಒಮ್ಮೆ ಆಡಿಸಿದರೆ ಆಯಿತು. ಕಣ್ಣಿಗಿಂತ ಮೂಗು ಲೇಸು ಅನ್ನುವುದು ಅವಳ ಮಾತು.

ಆ ಮೂಗಿಗೆ ಬೀದಿಯಲ್ಲೆಲ್ಲ ಹೆಸರಿತ್ತು. ಕಲೆಯಾದ ಬಟ್ಟೆ ತಂದರೆ ಅವಳು ಮೊದಲು ನೋಡುತ್ತಿರಲಿಲ್ಲ, ಮೂಸುತ್ತಿದ್ದಳು. "ಇದು ಚಹಾ ಅಲ್ಲ, ಕಾಫಿ. ಯಜಮಾನ್ರು ಎಲ್ಲಿ ಕುಡ್ಕೊಂಡು ಬಂದ್ರೋ ಕೇಳು ಹೋಗು" ಎನ್ನುವಳು. ಒಂದೊಂದು ಕಲೆಗೂ ಒಂದೊಂದು ಮದ್ದು. ಸ್ಪಿರಿಟ್ ಹಚ್ಚಿದ ಬಟ್ಟೆ ಪೂರ್ತಿ ಆರಿದೆಯೋ, ಬಿಸಿ ಪೆಟ್ಟಿಗೆ ಇಡಬಹುದೋ ಎಂದು ಹೇಳಬೇಕಾದದ್ದೂ ಆ ಮೂಗೇ.

ನಾಲ್ಕು ವರ್ಷದ ಹಿಂದೆ ಅವಳಿಗೂ ಕೊರೊನಾ ಬಂತು. ಜ್ವರ ಹತ್ತು ದಿನಕ್ಕೆ ಇಳಿಯಿತು, ಕೆಮ್ಮು ತಿಂಗಳಿಗೆ ಬಿಟ್ಟಿತು, ವಾಸನೆ ಮಾತ್ರ ಮರಳಿ ಬರಲಿಲ್ಲ. ಅಂಗಡಿ ತೆರೆದ ಮೂರನೆಯ ದಿನ ಅಕ್ಕ ಎಂದಿನಂತೆ ಬಾಟಲಿಯನ್ನು ಮೂಗಿನ ಮುಂದೆ ಆಡಿಸಿದಳು. ಏನೂ ಹೊಡೆಯಲಿಲ್ಲ. ಹಾಗಾದರೆ ನೀರೇ ಅಂದುಕೊಂಡು ಬಿಳಿ ಅಂಗಿಯೊಂದಕ್ಕೆ ಧಾರಾಳವಾಗಿ ಚಿಮುಕಿಸಿ ಪೆಟ್ಟಿಗೆ ಎತ್ತಿದಳು.

"ಅಕ್ಕಾ, ಇಡ್ಬೇಡ! ಇಡ್ಬೇಡ! ಏನದು ಆ ಪರಿ ಘಾಟು!"

ಪಕ್ಕದ ಅಂಗಡಿಯ ಟೈಲರಪ್ಪ ಕತ್ತರಿ ಹಿಡಿದುಕೊಂಡೇ ಓಡಿ ಬಂದಿದ್ದ. ಅವನು ಬರದಿದ್ದರೆ ಅಂಗಿಯ ಜೊತೆ ಅವಳ ಕೈಯೂ ಹೊತ್ತಿಕೊಳ್ಳುತ್ತಿತ್ತು. ಅಂದು ಸ್ಪಿರಿಟ್ ಬಾಟಲಿ ಕೈಗೆ ಎಟುಕದ ಮೇಲಿನ ಹಲಗೆಗೆ ಹೋಯಿತು. ಯಾರಿಗೂ ಹೇಳಬಾರದೆಂದು ಟೈಲರಪ್ಪನಿಂದ ಭಾಷೆ ತೆಗೆದುಕೊಂಡಳು. ಸುಟ್ಟ ವಾಸನೆಯೂ ತಿಳಿಯದವಳ ಕೈಗೆ ಒಳ್ಳೆಯ ಬಟ್ಟೆ ಕೊಡುವವರು ಯಾರು? ಗುಟ್ಟು ಬಯಲಾದರೆ ಅಂಗಡಿಗೆ ಬೀಗವೇ.

ಹೀಗೆ ಆ ಬೀದಿಯ ಕಲೆಗಳೆಲ್ಲ ನಾಲ್ಕು ವರ್ಷ ಬಟ್ಟೆಗಳಲ್ಲೇ ಉಳಿದವು. ಯಾರು ಏನು ತಂದರೂ ಅಕ್ಕನದು ಒಂದೇ ಮಾತು: "ಇದು ಹೋಗಲ್ಲ ಬಿಡಿ, ಹಳೇ ಕಲೆ." ಪುಟ್ಟಿಯ ಅಮ್ಮನಿಗೂ ಅದೇ ಮಾತು ಹೇಳಿದ್ದಳು. ಪುಟ್ಟಿಗೆ ಎರಡು ತುಂಬುವಾಗ ಅವಳ ಅಮ್ಮನ ಅಮ್ಮ ಕೈಯಾರೆ ಹೊಲಿದ ಹಳದಿ ಫ್ರಾಕು ಅದು. ಎದೆಯ ಮೇಲೆ ಹೊಲಿಗೆ ಯಂತ್ರದ ಎಣ್ಣೆ ಬಿದ್ದಿತ್ತು. ಅರ್ಧ ಗಂಟೆಯ ಕೆಲಸ. ಅದು ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಫ್ರಾಕು ಮಡಿಸಿಕೊಂಡು ಮೆಟ್ಟಿಲು ಹತ್ತಿದ ಆ ತಾಯಿಯ ಬೆನ್ನು ಮಾತ್ರ ಅಕ್ಕನಿಗೆ ಮರೆಯಲಿಲ್ಲ.

ಡಾಕ್ಟರು ದಿನಾ ಬೆಳಿಗ್ಗೆ ನಾಲ್ಕು ವಾಸನೆ ನೋಡಲು ಹೇಳಿದ್ದರು. ನಿಂಬೆ ಸಿಪ್ಪೆ, ಲವಂಗ, ಸಾಬೂನು, ಕಾಫಿ ಪುಡಿ. ಮೊದಲ ವರ್ಷ ನಾಲ್ಕೂ ಗಾಳಿಯಂತಿದ್ದವು. ಎರಡನೆಯ ವರ್ಷ ನಾಲ್ಕೂ ಚರಂಡಿಯಂತೆ ನಾರಿದವು. ಆಮೇಲೆ ಮತ್ತೆ ಗಾಳಿ. ಆದರೂ ಹಲ್ಲುಜ್ಜಿದಂತೆ ದಿನಾ ಮೂಸುತ್ತಲೇ ಇದ್ದಳು. ಈ ವರ್ಷ ಪುಟ್ಟಿ ಶಾಲೆಯಿಂದ ಬರುತ್ತಾ ಅಂಗಡಿಯ ಮುಂದೆ ನಿಲ್ಲತೊಡಗಿದ ಮೇಲೆ ಅಕ್ಕನಿಗೊಂದು ಆಟ ಹೊಳೆಯಿತು. ಮಡಿಸಿದ ಬಟ್ಟೆ ಹಿಡಿದು, "ಇದೇನು ವಾಸನೆ ಹೇಳು ನೋಡೋಣ? ಒದ್ದೆ ವಾಸನೆ ಇದೆಯಾ? ಸುಟ್ಟದ್ದು?" ಎನ್ನುವಳು. ಪುಟ್ಟಿ ಕಣ್ಣು ಮುಚ್ಚಿ ಮೂಸಿ ತೀರ್ಪು ಕೊಡುವಳು.

ಆ ಆಟವೇ ಈಗ ಪುಟ್ಟಿಯ ಅಮ್ಮನ ಮುಂದೆ ಬಂದು ನಿಂತಿತ್ತು. ಏನೆಂದು ಹೇಳುವುದು? ಮಗುವಿಗೆ ತಮಾಷೆ ಅನ್ನಲೇ? ನೆಗಡಿ ಅನ್ನಲೇ? ಅಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಏನೋ ಒಂದು ಅವಳ ಮೂಗಿನೊಳಗೆ ಚುರುಕ್ಕೆಂದಿತು.

"ತಡಿ" ಅಂದಳು ಅಕ್ಕ. ಮತ್ತೊಮ್ಮೆ ಉಸಿರೆಳೆದಳು. "ಏನೋ ಸೀದ್ಹೋಗ್ತಿದೆ. ಬಟ್ಟೆ. ಹತ್ತಿ ಬಟ್ಟೆ!"

"ಅಕ್ಕಾ, ನಿಮ್ಮ ಕೈ ಕೆಳಗೇ!" ಎಂದು ಪುಟ್ಟಿಯ ಅಮ್ಮ ಒಳಗೆ ನುಗ್ಗಿ ಮೊದಲು ಪ್ಲಗ್ ಕಿತ್ತಳು, ಆಮೇಲೆ ಪೆಟ್ಟಿಗೆ ಎತ್ತಿದಳು. ಶಾಲೆಯ ಅಂಗಿಯ ಬೆನ್ನ ಮೇಲೆ ಪೆಟ್ಟಿಗೆಯ ಆಕಾರದ ಕಂದು ಗುರುತು ಮೂಡಿತ್ತು.

ಅಕ್ಕ ಆ ಅಂಗಿಯನ್ನು ಬಾಚಿಕೊಂಡು ಮುಖಕ್ಕೆ ಒತ್ತಿಕೊಂಡಳು. "ಸೀದಿದೆ! ಟೈಲರಪ್ಪಾ, ಬಾರೋ ಇಲ್ಲಿ, ಸೀದಿದೆ ಕಣೋ! ನಂಗೆ ವಾಸ್ನೆ ಬಂತು!"

ಟೈಲರಪ್ಪ ಇಣುಕಿ ನೋಡಿದ. "ಇಪ್ಪತ್ತೈದು ವರ್ಷದಲ್ಲಿ ಒಂದೂ ಬಟ್ಟೆ ಸುಟ್ಟವಳಲ್ಲ. ಇವತ್ತು ಸುಟ್ಟು ಡಂಗುರ ಬೇರೆ ಹೊಡೀತಿದ್ದಾಳೆ. ಅಂಗಿ ಅಳತೆ ಕೊಡಮ್ಮ ಪುಟ್ಟಿ, ಹೊಸದು ಹೊಲೀತೀನಿ. ಖರ್ಚು ನಿಮ್ಮಜ್ಜಿದು."

"ಅಜ್ಜಿ ಅಂದ್ರೆ ನೋಡು! ಅರ್ಧ ಕೂದ್ಲು ಇನ್ನೂ ಕಪ್ಪಿದೆ" ಎಂದು ಅಕ್ಕ ನಗುತ್ತಲೇ ಸ್ಟೂಲಿನ ಮೇಲೆ ಕುಸಿದಳು. ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಜ್ವರ, ಬಾಟಲಿ, ಘಾಟು, ಪುಟ್ಟಿಯ ಮೂಗು, ಎಲ್ಲಾ.

ಪುಟ್ಟಿಯ ಅಮ್ಮ ಬಯ್ಯಲಿಲ್ಲ. ಸ್ಟೂಲು ಕೇಳಿ ಪಡೆದು, ಅದರ ಮೇಲೆ ಹತ್ತಿ, ಮೇಲಿನ ಹಲಗೆಯ ಬಾಟಲಿ ಇಳಿಸಿ ಧೂಳೊರೆಸಿದಳು. "ಕಣ್ಣು ಮುಚ್ಚಿ" ಅಂದಳು. ಒಂದು ಬಾಟಲಿಯನ್ನು ಅವಳ ಮೂಗಿನ ಮುಂದೆ ಹಿಡಿದಳು.

"ಏನೂ ಇಲ್ಲ. ನೀರು."

ಇನ್ನೊಂದು ಹಿಡಿದಳು. ಅಕ್ಕನ ಮುಖ ಹಿಂಡಿಕೊಂಡಿತು. "ಅಯ್ಯೋ ದೂರ ಹಿಡಿ ತಾಯಿ, ಮೂಗು ಕಿತ್ಕೊಂಡ್ ಹೋಗತ್ತೆ!"

"ಇದೇನು?" ಎಂದು ಸಾಬೂನು ಹಿಡಿದಾಗ ಮಾತ್ರ ಅಕ್ಕ ತಲೆಯಾಡಿಸಿದಳು. ಅದಿನ್ನೂ ಬಂದಿರಲಿಲ್ಲ. ಬರದಿದ್ದರೂ ಚಿಂತೆಯಿಲ್ಲ ಎನ್ನಿಸಿತು ಅವಳಿಗೆ. ಬೇಕಾದ ಎರಡು, ಸೀದ ವಾಸನೆ ಮತ್ತು ಸ್ಪಿರಿಟ್ಟಿನ ಘಾಟು, ಬಂದಿದ್ದವು. ನಾಲ್ಕು ವರ್ಷ ಎದೆಯ ಮೇಲೆ ಕೂತಿದ್ದ ಕಲ್ಲು ಯಾವ ಗಳಿಗೆಯಲ್ಲಿ ಇಳಿದುಹೋಯಿತೋ, ಉಸಿರು ಹೊಟ್ಟೆಯ ತನಕ ಹೋಗಿ ಬರುತ್ತಿತ್ತು.

"ಮೂಗು ಬಂದದ್ದು ಸರಿ ಅಕ್ಕಾ, ಆದ್ರೆ ಬಾಟ್ಲಿ ಮೇಲೆ ಹೆಸ್ರು ಬರೀಲೇಬೇಕು" ಎಂದಳು ಪುಟ್ಟಿಯ ಅಮ್ಮ. ಪುಟ್ಟಿ ಚೀಲದಿಂದ ಬಣ್ಣದ ಪೆನ್ನು ತೆಗೆದು, ನಾಲಿಗೆ ಹೊರಚಾಚಿ, ಒಂದು ಬಾಟಲಿಯ ಮೇಲೆ ನೀಲಿಯಲ್ಲಿ "ನೀರು" ಎಂದು ಬರೆದಳು. ಇನ್ನೊಂದರ ಮೇಲೆ ಕೆಂಪಿನಲ್ಲಿ ಬೆಂಕಿಯ ಚಿತ್ರ ಬಿಡಿಸಿದಳು.

ಅಮ್ಮ ಮಗಳು ಹೊರಟು ಎರಡು ಮೆಟ್ಟಿಲು ಹತ್ತಿದ್ದರು. ಅಕ್ಕ ಹಿಂದಿನಿಂದ ಕರೆದಳು.

"ಒಂದ್ನಿಮಿಷ ತಾಯಿ. ಆ ಹಳದಿ ಫ್ರಾಕು ಇದೆಯಾ, ಎಸೆದ್ಬಿಟ್ಟೆಯಾ?"

"ಇದೆ ಅಕ್ಕಾ. ಟ್ರಂಕಿನ ತಳದಲ್ಲಿ."

"ಪುಟ್ಟಿಗೆ ಇನ್ನದು ಆಗಲ್ಲ, ಗೊತ್ತು. ಗೊಂಬೆಗೆ ಹಾಕ್ಲಿ, ನಿಮ್ಮಮ್ಮಂಗೆ ತೋರಿಸಿ ಮತ್ತೆ ಟ್ರಂಕಲ್ಲೇ ಇಡು. ಆದ್ರೆ ಹೋಗಲ್ಲ ಅಂತ ನಾನು ಸುಳ್ಳು ಹೇಳಿದ ಕಲೆ ಅದು, ನನ್ನ ಕೈಯಲ್ಲೇ ಹೋಗ್ಬೇಕು. ನಾಳೆ ಇಳಿದು ಬರ್ತಾ ತಂದ್ಕೊಡ್ತೀಯಾ?"