ತಂಬಿಗೆಯ ಮೇಲಿನ ಹೆಸರು

ಹುಣಸೆಹಣ್ಣು ಹಚ್ಚಿ ಉಜ್ಜಿದರೆ ಹಿತ್ತಾಳೆ ಒಂದು ಹುಳಿ ವಾಸನೆ ಬಿಡುತ್ತದೆ. ಇಂದು ಬೆಳಿಗ್ಗೆ ಆ ವಾಸನೆ ಬಂದದ್ದೇ ತಡ, ಕೈ ನಿಂತುಹೋಯಿತು. ತಂಬಿಗೆಯ ಕೊರಳ ಕೆಳಗೆ ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರು ಹೊಳೆಯುತ್ತಿತ್ತು. ರಾಯಚೂರಿನ ನಮ್ಮ ಓಣಿಯಲ್ಲಿ ಆ ಹೆಸರಿನವರು ಯಾರೂ ಇಲ್ಲವೆಂದೇ ಬಹಳ ದಿನ ತಿಳಿದಿದ್ದೆ…

ಪಕ್ಕದ ಮನೆಯ ಅವ್ವನ ಮುಂದೆ ಬಾಯಿಬಿಟ್ಟವಳು ನಾನೇ. ಹತ್ತು ವರ್ಷ ಯಾರೂ ಮುಟ್ಟದ ಬ್ಯಾಂಕ್ ಖಾತೆಯ ದುಡ್ಡು ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ವಾರಸುದಾರರು ಕೇಳಿದರೆ ವಾಪಸು ಸಿಗುತ್ತದೆ ಎಂದೆ. ಅಲ್ಲಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ತವರೂರು ಮಾನ್ವಿಯ ಅಕ್ಕಿ ಗಿರಣಿಯಲ್ಲಿ ದುಡಿದ ಅವಳ ತಾಯಿ ಮಗಳ ಹೆಸರಲ್ಲಿ ಬ್ಯಾಂಕಿನಲ್ಲಿ ಒಂದಿಷ್ಟು ಕಟ್ಟಿದ್ದಳಂತೆ.

“ನಮ್ಮವ್ವ ನಡಾ ಮುರಕೊಂಡು ಗಳಿಸಿದ್ದು ತಂಗಿ. ಸರ್ಕಾರದಾಗ ಯಾಕ ಬಿದ್ದಿರಬೇಕು?”

ಮೊಬೈಲಿನಲ್ಲಿ ಅಂಥ ಖಾತೆಗಳ ಪಟ್ಟಿ ತೆಗೆದು ಅವಳ ಹೆಸರು ಹಾಕಿ ಹುಡುಕಿದೆ, ಏನೂ ಬರಲಿಲ್ಲ. ಆಗ ಅವ್ವ ಸಣ್ಣ ದನಿಯಲ್ಲಿ ಬೇರೊಂದು ಹೆಸರು ಹೇಳಿದಳು. ಗಬ್ಬೂರಿಗೆ ಸೊಸೆಯಾಗಿ ಹೋದ ದಿನ ಗಂಡನ ಮನೆಯವರು ಪರಾತದ ಅಗಲ ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಹೊಸ ಹೆಸರು ಬರೆಸಿದ್ದರು. ಹಳೆಯದನ್ನು ಆಮೇಲೆ ಯಾರೂ ಕರೆದಿರಲಿಲ್ಲ. ಆ ಹೆಸರು ಹಾಕಿದ ಕೂಡಲೇ ಖಾತೆ ಸಿಕ್ಕಿತು.

ಬ್ಯಾಂಕಿನ ಹುಡುಗ ಆಧಾರ್ ನೋಡಿ, “ಆ ಹೆಸರಿನಾಕಿ ನೀವ ಅಂತ ಹೆಂಗ ತಿಳೀಬೇಕ್ರೀ?” ಎಂದ. ಅವ್ವ ಚೀಲದಿಂದ ಈ ತಂಬಿಗೆ ತೆಗೆದು ಅವನ ಮುಂದಿಟ್ಟಳು. “ತವರಿನವ್ರು ಕೊಟ್ಟದ್ರೀ. ಓದ್ರಿ.”

ಅವನು ಓದಿದ, ನಗಲಿಲ್ಲ. “ತಂಬಿಗಿ ನಡಿಯಂಗಿಲ್ರಿ ಅವ್ವಾರ. ಆ ಹೆಸರಿಲೆ ನಿಮ್ಮನ್ನ ಬಲ್ಲವ್ರ ಸಹಿ ಬೇಕು.”

ಮಾನ್ವಿಯಲ್ಲಿ ಹಾಗೆ ಬಲ್ಲವರು ಯಾರು ಉಳಿದಿದ್ದರು? ಗಿರಣಿ ಓಣಿಯೆಲ್ಲ ಅಲೆದೆವು. ಕೊನೆಗೆ ಕಟ್ಟೆಯ ಮೇಲೆ ಕುಳಿತ ಒಬ್ಬ ಮುದುಕಿ ಅವ್ವನ ನಡಿಗೆ ನೋಡಿಯೇ ಆ ಹಳೆಯ ಹೆಸರು ಹಿಡಿದು ಕೂಗಿದಳು. ಅವ್ವ ನಡುದಾರಿಯಲ್ಲೇ ನಿಂತು “ಓ” ಎಂದಳು. ಬಾಲ್ಯದ ಗೆಳತಿ… ಇಬ್ಬರೂ ಒಳಗೆ ಹೋಗಿ ಕುಳಿತವರು ಸಂಜೆಯ ಬಸ್ಸಿನ ಹೊತ್ತಿಗೇ ಎದ್ದರು. ಸಹಿ ಮಾತ್ರ ಆಗಿರಲಿಲ್ಲ.

ಮುಂದಿನ ಸಲವೂ ಅಷ್ಟೇ, ಅದರ ಮುಂದಿನ ಸಲವೂ ಅಷ್ಟೇ. ನಾನು ಶಾಲೆಗೆ ರಜೆ ಹಾಕಿ ಹಾಕಿ ಸಾಕಾಗಿ, ಒಮ್ಮೆ ಬಸ್ಸಿನಲ್ಲೇ ರೇಗಿದೆ. ಅವ್ವ ಕಿಟಕಿಯ ಕಡೆ ಮುಖ ಮಾಡಿ, “ಸಹಿ ಆತಂದ್ರ ಮತ್ತ ಬರಾಕ ಏನ ನೆಪ ಅದ, ತಂಗಿ?” ಎಂದಳು. ನನಗೆ ಇನ್ನಷ್ಟು ಸಿಟ್ಟು ಬಂತು.

ಹೋದ ತಿಂಗಳು ಅವ್ವ ತೀರಿಕೊಂಡಳು. ದೇವದುರ್ಗದಲ್ಲಿ ನೌಕರಿ ಮಾಡುವ ಮಗ ಬ್ಯಾಂಕಿನ ಕಾಗದ ಹಿಡಿದುಕೊಂಡು ಬಂದು, “ಟೀಚರ್, ಈ ಹೆಸರು ಯಾರದ್ರೀ?” ಎಂದು ಕೇಳಿದ. ತಾಯಿಯ ಹೆಸರನ್ನು ಮಗನಿಗೆ ನಾನು ಹೇಳಬೇಕಾಯಿತು. ಸಹಿ ತರುವ ಕೆಲಸವೂ, ಆ ತಂಬಿಗೆಯೂ ನನ್ನ ಪಾಲಿಗೇ ಬಂದವು.

ಇವತ್ತು ಮಧ್ಯಾಹ್ನ ಮಾನ್ವಿಯ ಆ ಕಟ್ಟೆಯ ಮುಂದೆ ನಿಂತೆ. ಗೆಳತಿ ನನ್ನ ಬೆನ್ನ ಹಿಂದೆ ಇಣುಕಿ, “ಎಲ್ಲಿ ಆಕಿ? ಹಿಂದ ಬರಾಕತ್ತಾಳೇನು?” ಎಂದಳು.

“ನಾ ಒಬ್ಬಾಕಿನ ಬಂದೀನಿ, ಯವ್ವಾ.”

ತಂಬಿಗೆಯನ್ನು ಅವಳ ಕೈಗೆ ಕೊಟ್ಟೆ. ಮಡಿಲಲ್ಲಿಟ್ಟುಕೊಂಡು ಕೊರೆದ ಹೆಸರಿನ ಮೇಲೆ ಬೆರಳಾಡಿಸಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ಹಂಗಾರ ಇನ್ನ ಆ ಕಾಗದ ತಗಿ. ಸಹಿ ಎಲ್ಲಿ ಹಾಕಬೇಕು ತೋರ್ಸು” ಎಂದಳು.

ಕಾಗದದ ಮಾತನ್ನು ಅವ್ವನಿಗೇ ಬಿಟ್ಟಿದ್ದೆ, ಗೆಳತಿಯ ಮುಂದೆ ನಾನು ಎಂದೂ ಎತ್ತಿರಲಿಲ್ಲ. ಅವ್ವ ಮೊದಲ ದಿನವೇ ಹೇಳಿದ್ದಳೇನೋ… ಇಬ್ಬರೂ ಕೂಡಿಯೇ ತಡ ಮಾಡಿದ್ದರು.

ಸಹಿ ಆಯಿತು. ತಂಬಿಗೆ ಅವಳ ಬಳಿಯೇ ಇರಲಿ ಎಂದು ಬಿಟ್ಟು ಬಸ್ಸು ಹತ್ತಿದೆ. ಇನ್ನು ಮಾನ್ವಿಗೆ ಹೋಗಲು ನನಗೂ ನೆಪವಿಲ್ಲ.