ನನ್ನ ಕಾರಿನ ತಗಡು, ತಂಗಿಯ ಅರ್ಜಿ

ಮಿಸ್ತ್ರಿ ಇಂಜಿನ್ನಿನೊಳಗೆ ತೋರುಬೆರಳು ತುರುಕಿ, ಹೊರಗೆಳೆದು, ನನ್ನ ಮೂಗಿನ ಹತ್ತಿರ ಹಿಡಿದ. ಎರಡನೆಯ ಗೆಣ್ಣಿನವರೆಗೆ ಬೆರಳು ಕಪ್ಪಾಗಿತ್ತು. ಮಸಿಯನ್ನು ಎಣ್ಣೆಯಲ್ಲಿ ಕಲಸಿ ತಿಂಗಳುಗಟ್ಟಲೆ ಮುಚ್ಚಿಟ್ಟಂಥ ಲೊಳೆ. ನಾನು ಮುಖ ಹಿಂದಕ್ಕೆಳೆದುಕೊಂಡೆ. ಅವನು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, ಗುಟ್ಕಾವನ್ನು ಇನ್ನೊಂದು ದವಡೆಗೆ ಸರಿಸಿ, "ನಿಮ್ಮ ಗಾಡಿ ತನ್ನ ಹೊಗಿ ತಾನೇ ತಿನ್ಲಾಕತ್ತದ್ರಿ ಸರ್" ಎಂದ.

ಶಹಾಪುರದಲ್ಲಿ ಸುರಪುರ ರಸ್ತೆಗೆ ಅಂಟಿಕೊಂಡಿರುವ ಗ್ಯಾರೇಜು ಅದು. ಗಾಡಿ ನನ್ನದು, ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು. ಗೋಗಿ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಸ್ತರ. ದಿನಾ ಅದರಲ್ಲೇ ಹೋಗಿ ಬರುತ್ತಿದ್ದೆ. ಒಂದು ತಿಂಗಳಿಂದ ಏರು ಬಂದರೆ ಗಾಡಿ ತಿಣುಕುತ್ತಿತ್ತು, ಮೀಟರಿನ ಪಕ್ಕ ಒಂದು ಹಳದಿ ದೀಪ ಹತ್ತಿ ಕೂತಿತ್ತು.

"ಇಜಿಆರ್ ವಾಲ್ವ್ ಕಟ್ಟ್ಯದ್ರಿ. ಬಿಚ್ಚಿ ತೊಳೀಲಾಕ ಎರಡು ದಿನ ಬೇಕು. ಮತ್ತ ಕಟ್ತದ. ಅದರ ಬಾಯಿಗೇ ಒಂದು ತಗಡು ಬಡದ್ರ ಅರ್ಧ ತಾಸಿನ ಕೆಲಸ. ಜಿಂದಗಿಭರ್ ಬೇಫಿಕರ್ ಇರ್ರಿ."

ಆ ವಾಲ್ವು ಯಾಕೆ ಇದೆ ಎಂದು ಅವನಿಗೆ ಗೊತ್ತಿರಲಿಕ್ಕಿಲ್ಲ, ನನಗೆ ಗೊತ್ತಿತ್ತು. ಸುಟ್ಟ ಹೊಗೆಯಲ್ಲಿ ಸ್ವಲ್ಪವನ್ನು ಅದು ಮತ್ತೆ ಇಂಜಿನ್ನಿಗೇ ಕಳಿಸುತ್ತದೆ. ಹಾಗೆ ಕಳಿಸಿದರೆ ಒಳಗಿನ ಬೆಂಕಿಯ ಕಾವು ಇಳಿಯುತ್ತದೆ. ಇಳಿಯದಿದ್ದರೆ ಗಾಳಿಯಲ್ಲಿನ ಸಾರಜನಕವೂ ಆಮ್ಲಜನಕವೂ ಕೂಡಿಕೊಂಡು ಕಣ್ಣು, ಗಂಟಲು ಉರಿಸುವ ವಿಷದ ಗಾಳಿಯಾಗುತ್ತದೆ. ಇದನ್ನು ನಾನು ಬೋರ್ಡಿನ ಮೇಲೆ ಬಣ್ಣದ ಚಾಕಿನಲ್ಲಿ ಬಾಣ ಎಳೆದು ಕಲಿಸಿದವನು. ಆದರೂ "ಬಡಿ" ಎಂದೆ. ಎರಡು ದಿನ ಬಸ್ಸಿಗೆ ನಿಲ್ಲುವುದು ಈ ಮಾಸ್ತರನಿಗೆ ಬೇಡವಾಗಿತ್ತು.

ಮೂಲೆಯಲ್ಲಿ ಬಿದ್ದಿದ್ದ ಹಳೆಯ ಊಟದ ತಾಟಿನಿಂದ ಅವನು ತಗಡು ಕತ್ತರಿಸಿದ. ಅದರ ಅಂಚಿಗೆ ಒಣಗಿದ ಅನ್ನದ ಅಗುಳು ಇನ್ನೂ ಅಂಟಿತ್ತು. ಅದನ್ನು ಉಗುರಿನಿಂದ ಕೆರೆದು, ತಗಡನ್ನು ಎರಡು ಬೋಲ್ಟಿನ ನಡುವೆ ಕೂಡಿಸಿ ಬಿಗಿದ. ಹಳದಿ ದೀಪ ಆರಲಿಲ್ಲ. ಅದರ ಮೇಲೆ ಕರಿ ಟೇಪಿನ ಚೂರು ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ, "ಆರ್ತು ನೋಡ್ರಿ" ಎಂದು ನಕ್ಕ. ಹಲ್ಲುಗಳೆಲ್ಲ ಕೆಂಪಗಿದ್ದವು. ಅವನ ಮೇಲೆ ನನಗೆ ಅಸಹ್ಯ ಹುಟ್ಟಿತು. ಯಾರ ಮೇಲೆ ಹುಟ್ಟಬೇಕಿತ್ತು ಎಂಬುದು ಆಮೇಲಿನ ಮಾತು.

ಗಾಡಿ ಹರೆಯದ ಹೋರಿಯ ಹಾಗೆ ಓಡತೊಡಗಿತು. ಹೊಗೆ ತಪಾಸಣೆಗೆ ಒಯ್ದೆ. ಹಿಂದಿನ ಕೊಳವೆಗೆ ನಳಿಕೆ ಸಿಕ್ಕಿಸಿದವನು ಕಂಪ್ಯೂಟರ್ ನೋಡಿ, "ಮೊದಲಿಗಿಂತ ಛಲೋ ಅದರಿ ಸರ್" ಎಂದು ಸರ್ಟಿಫಿಕೇಟು ಕೊಟ್ಟ. ಅವನ ಯಂತ್ರ ನೋಡುವುದು ಕಪ್ಪು ಹೊಗೆಯನ್ನು ಮಾತ್ರ. ಕಣ್ಣಿಗೆ ಕಾಣದ್ದು ಅದಕ್ಕೂ ಕಾಣುವುದಿಲ್ಲ. ಇದೂ ನನಗೆ ಗೊತ್ತಿತ್ತು. ಸರ್ಟಿಫಿಕೇಟನ್ನು ನೀಟಾಗಿ ಮಡಚಿ ಕಿಸೆಯಲ್ಲಿ ಇಟ್ಟುಕೊಂಡೆ.

ಮರುದಿನ ಬೆಳಿಗ್ಗೆ ಮನೆ ಪಕ್ಕದ ತಗಡಿನ ಶೆಡ್ಡಿನಲ್ಲಿ ಗಾಡಿ ಚಾಲೂ ಮಾಡಿದಾಗ ಕಣ್ಣಲ್ಲಿ ನೀರು ಬಂತು. ಒಂದು ಎಳೆ ಹೊಗೆಯಿಲ್ಲ, ಮೂಗಿನೊಳಗೆ ಮಾತ್ರ ಸೂಜಿ ಆಡಿಸಿದಂತೆ ಉರಿ. ಹಿತ್ತಲಲ್ಲಿದ್ದ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದಳು. "ಏನ್ರೀ ಇದು, ಘಾಟು?"

"ಹೊಸಾ ಡೀಸೆಲ್ ಹಾಕ್ಸೀನಿ, ಅದಕ್ಕ" ಎಂದೆ.

ಅದು ಭಾನುವಾರ. ಬಿಳಿ ಅಂಗಿ ತೊಟ್ಟು ಬುದ್ಧ ವಿಹಾರಕ್ಕೆ ವಂದನೆಗೆ ಹೊರಟಿದ್ದೆ. ಅಲ್ಲಿ ಎಲ್ಲರ ಜೊತೆ ಕೂತು ಪಂಚಶೀಲ ಹೇಳಿದೆ. ಸುಳ್ಳಾಡುವುದಿಲ್ಲ ಎಂಬ ನಾಲ್ಕನೆಯದು ಬಂದಾಗಲೂ ನನ್ನ ದನಿ ಉಳಿದವರಿಗಿಂತ ಗಟ್ಟಿಯಾಗಿಯೇ ಇತ್ತು.

ಇನ್ನು ತಂಗಿಯ ಮಾತು. ನಮ್ಮೂರು ಕೊಂಕಲ್‌ನಲ್ಲಿ ನನ್ನ ಜೊತೆ ಹುಟ್ಟಿ ಬೆಳೆದವಳು, ಕಡೇಚೂರಿನ ಆಚೆಯ ಒಂದು ಹಳ್ಳಿಗೆ ಸೊಸೆಯಾಗಿ ಹೋದವಳು. ಅವಳ ಓಣಿಯ ಬೆನ್ನಿಗೆ ಒಂದು ಕಾರ್ಖಾನೆ ಬಂತು. ಹಗಲು ಅಷ್ಟಿಲ್ಲ, ಹೊತ್ತು ಮುಳುಗಿದ ಮೇಲೆ ಕೊಳೆತದ್ದಕ್ಕೆ ಔಷಧಿ ಹೊಡೆದಂಥ ಒಂದು ವಾಸನೆ ಓಣಿಗೆ ಇಳಿಯುತ್ತದೆ. ನಾನೂ ಒಮ್ಮೆ ಅಲ್ಲಿ ಉಳಿದಿದ್ದಾಗ ಅದನ್ನು ಕುಡಿದಿದ್ದೇನೆ, ತುತ್ತು ಗಂಟಲಿನಿಂದ ಕೆಳಗಿಳಿದಿರಲಿಲ್ಲ. ಬೇಸಿಗೆಯಲ್ಲೂ ಅವರು ಕಿಟಕಿ ಮುಚ್ಚಿ ಮಲಗುತ್ತಾರೆ. ತಂಗಿ ಸುಮ್ಮನೆ ಕೂರುವವಳಲ್ಲ. ಮನೆಮನೆಗೆ ಹೋಗಿ, ಗಂಡಸರು "ಯಾಕ ಬೇಕವಾ ಉಸಾಬರಿ" ಎಂದರೂ ಬಿಡದೆ, ಓಣಿಯ ಹೆಂಗಸರನ್ನೆಲ್ಲ ಒಪ್ಪಿಸಿ ನನಗೆ ಫೋನು ಮಾಡಿದಳು.

"ಅಣ್ಣಾ, ಅರ್ಜಿ ನೀನೇ ಬರಿಬೇಕು. ಸೈನ್ಸ್ ಮಾಸ್ತರ ಬರದಾನಂದ್ರ ಸಾಹೇಬರು ಓದ್ತಾರ."

ಮುಂದಿನ ಭಾನುವಾರ ಹೋದೆ. ಆ ಹೊತ್ತಿಗೆ ಗಾಡಿಯ ಬ್ಯಾಟರಿ ಕೈಕೊಟ್ಟಿತ್ತು. ಒಮ್ಮೆ ಬಂದ್ ಮಾಡಿದರೆ ನಾಲ್ಕು ಜನ ತಳ್ಳಬೇಕು. ಹಾಗಾಗಿ ಅವಳ ಮನೆ ಮುಂದಿನ ಇಕ್ಕಟ್ಟು ಓಣಿಯಲ್ಲಿ ಗಾಡಿಯನ್ನು ಚಾಲೂ ಬಿಟ್ಟೇ ಒಳಗೆ ಹೋದೆ. ಪಡಸಾಲೆಯಲ್ಲಿ ಹತ್ತೆಂಟು ಹೆಂಗಸರು ಕೂತಿದ್ದರು. ಅವರು ಹೇಳಿದ್ದನ್ನೆಲ್ಲ ನಾನು ಒಳ್ಳೆಯ ಕನ್ನಡದಲ್ಲಿ ಬರೆಯುತ್ತಾ ಹೋದೆ. ಯಾವಾಗ ವಾಸನೆ ಬರುತ್ತದೆ ಎಂದರೆ "ದಿನಾ ಬರ್ತದರಿ", ಎಷ್ಟು ಗಂಟೆಗೆ ಎಂದರೆ "ಊಟದ ಹೊತ್ತಿಗೆ". ತಾರೀಖು, ಗಳಿಗೆ ಬರೆದಿಟ್ಟುಕೊಂಡವರು ಯಾರೂ ಇರಲಿಲ್ಲ.

ಅರ್ಧ ತಾಸಿನ ಮೇಲೆ ಒಬ್ಬಾಕೆ ಕೆಮ್ಮಿದಳು. ಆಮೇಲೆ ಇನ್ನೊಬ್ಬಾಕೆ. ತಂಗಿ ಕಣ್ಣು ತಿಕ್ಕಿಕೊಳ್ಳುತ್ತಾ ಎದ್ದು ನಿಂತಳು. "ನೋಡಿದ್ಯಾ ಅಣ್ಣಾ! ಇವತ್ತ್ ಹಗಲೇ ಬಿಟ್ಟಾರ. ಕಣ್ಣಾಗ ಖಾರ ಹಾಕ್ದಂಗ ಆಗ್ಲಾಕತ್ತದ."

ನಾನು ಹೊರಗೆ ಬಂದು ನೋಡಿದೆ. ಗಾಡಿಯ ಕೊಳವೆ ಅವಳ ಕಿಟಕಿಯತ್ತ ಬಾಯಿ ತೆರೆದು ನಿಂತಿತ್ತು. ಗಾಳಿ ನಮ್ಮ ಕಡೆಯಿಂದ ಕಾರ್ಖಾನೆಯ ಕಡೆಗೆ ಬೀಸುತ್ತಿತ್ತು. ಶೆಡ್ಡಿನಲ್ಲಿ ಮೂಗಿಗೆ ಹೊಡೆದಿದ್ದ ಅದೇ ಘಾಟು. ಗಾಡಿಯನ್ನು ಚಾಲೂ ಇದ್ದ ಹಾಗೆಯೇ ಓಣಿಯ ತುದಿಗೆ ಒಯ್ದು ನಿಲ್ಲಿಸಿ ಬಂದೆ. ಒಳಗೆ ಬಂದು ಹೇಳಬೇಕಾದದ್ದು ಒಂದೇ ಮಾತು: ಇದು ಕಾರ್ಖಾನೆಯದಲ್ಲ, ನನ್ನ ಗಾಡಿಯದು. ಅಷ್ಟು ಹೆಂಗಸರ ಮುಂದೆ, ಸೈನ್ಸ್ ಮಾಸ್ತರ ಎಂದು ಚಾಪೆಯ ಮೇಲೆ ಇನ್ನೊಂದು ಚಾಪೆ ಹಾಸಿ ಕೂರಿಸಿದವರ ಮುಂದೆ, ನನ್ನ ನಾಲಿಗೆ ಏಳಲಿಲ್ಲ.

"ಇದನ್ನೂ ಬರಿ ಅಣ್ಣಾ," ಎಂದಳು ತಂಗಿ. "ಇವತ್ತಿನ ತಾರೀಖು, ಈಗಿನ ಟೈಮು ಹಾಕಿ ಬರಿ. ನೀನೇ ಇದ್ದಿ, ನೀನೇ ಸಾಕ್ಷಿ."

ಬರೆದೆ. ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಈ ಅರ್ಜಿ ಬರೆಯುತ್ತಿರುವಾಗಲೂ ಕಾರ್ಖಾನೆಯ ವಿಷಗಾಳಿಯಿಂದ ಕಣ್ಣು ತೆರೆಯಲಾಗಲಿಲ್ಲ ಎಂದು ಬರೆದೆ. ಕಾರ್ಖಾನೆಯವರು ಮಾಡಿದ ಹಲ್ಕಟ್ ಕೆಲಸಕ್ಕೆ ಇದೊಂದು ಹೆಚ್ಚಿಗೆ ಸೇರಿದರೆ ಏನಾಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕೆಳಗೆ ಸಹಿ ಹಾಕಿ, ವಿಜ್ಞಾನ ಶಿಕ್ಷಕ ಎಂದೂ ಸೇರಿಸಿದೆ. ಹೆಂಗಸರು ಒಬ್ಬೊಬ್ಬರಾಗಿ ಬಂದು ಸಹಿ ಹಾಕಿದರು, ಹೆಬ್ಬೆಟ್ಟು ಒತ್ತಿದರು.

ಅರ್ಜಿ ಮುಟ್ಟಿದ ಮೇಲೆ ಮಾಲಿನ್ಯ ಮಂಡಳಿಯ ಸಾಹೇಬರು ವಿಚಾರಣೆಗೆ ಬಂದೇ ಬಂದರು. ತಂಗಿ ಆ ದಿನ ಪೆಟ್ಟಿಗೆಯಲ್ಲಿಟ್ಟಿದ್ದ ಸೀರೆ ಉಟ್ಟಿದ್ದಳು. ಊರಿನ ಶಾಲೆಯ ಕೋಣೆಯಲ್ಲಿ ಮೇಜಿನ ಹಿಂದೆ ಸಾಹೇಬರು, ಪಕ್ಕದಲ್ಲಿ ಇಸ್ತ್ರಿ ಅಂಗಿಯ ಕಾರ್ಖಾನೆಯವನು, ಎದುರಿಗೆ ನೆಲದ ಮೇಲೆ ಓಣಿಯ ಹೆಂಗಸರು, ಅವರ ಹಿಂದೆ ಗೋಡೆಗೊರಗಿ ನಾನು. ಸಾಹೇಬರು ಬಿಸ್ಕೀಟು ಚಹಾದಲ್ಲಿ ಅದ್ದಿ ತಿನ್ನುತ್ತಾ ಅರ್ಜಿ ಓದಿದರು. ದಿನಾ, ಊಟದ ಹೊತ್ತಿಗೆ ಎಂಬುದನ್ನೆಲ್ಲ ಬೆರಳಿನಿಂದ ಸರ್ರನೆ ದಾಟಿಸಿ, ಗಳಿಗೆ ಬರೆದಿದ್ದ ಆ ಒಂದು ಸಾಲಿನ ಮೇಲೆ ಬೆರಳು ನಿಲ್ಲಿಸಿದರು. ಕಾರ್ಖಾನೆಯವನು ಒಂದು ರಿಜಿಸ್ಟರ್ ತೆರೆದು ಅವರ ಮುಂದಿಟ್ಟ. ಆ ಶನಿವಾರ ಮಧ್ಯಾಹ್ನದಿಂದ ಸೋಮವಾರ ಬೆಳಗಿನವರೆಗೆ ರಿಪೇರಿಗೆಂದು ಕಾರ್ಖಾನೆ ಪೂರಾ ಬಂದ್ ಇತ್ತು. ಬಂದ್ ಇದ್ದದ್ದು ನಿಜವೆಂದು ಅಲ್ಲಿ ಕೂಲಿಗೆ ಹೋಗುವ ಅದೇ ಓಣಿಯ ಇಬ್ಬರು ಗಂಡಸರೂ ತಲೆಯಾಡಿಸಿದರು.

"ಬಂದ್ ಇದ್ದ ಕಾರ್ಖಾನಿಯಿಂದ ವಾಸನಿ ಹ್ಯಾಂಗ ಬಂತ್ರಿ? ಯಾರು ಬರದದ್ದು ಇದು?" ಎಂದರು ಸಾಹೇಬರು.

ತಂಗಿ ಎದ್ದು ನಿಂತಳು. "ನಮ್ಮಣ್ಣ ಬರದಾನ್ರಿ. ಸೈನ್ಸ್ ಮಾಸ್ತರ ಇದ್ದಾನ. ಅವ ಸುಳ್ಳ ಬರಿಯೋನಲ್ರಿ."

ಎಲ್ಲರೂ ನನ್ನತ್ತ ತಿರುಗಿದರು. ಆಗಲೂ ಹೊತ್ತು ಮೀರಿರಲಿಲ್ಲ. ಆ ಒಂದು ಸಾಲು ನನ್ನ ತಪ್ಪು, ಉಳಿದದ್ದೆಲ್ಲ ನಿಜ ಎಂದಿದ್ದರೆ ಅರ್ಜಿ ಉಳಿಯುತ್ತಿತ್ತೋ ಏನೋ. ಆದರೆ ಗಾಡಿಗೆ ತಗಡು ಬಡಿಸಿದ್ದು, ಸರ್ಟಿಫಿಕೇಟು ತಂದದ್ದು, ಎಲ್ಲ ಬಿಚ್ಚಿ ಹೇಳಬೇಕಾಗುತ್ತಿತ್ತು. ನಾನು "ಅಂದಾಜು ತಪ್ಪಿರಬಹುದ್ರಿ ಸರ್" ಎಂದೆ. ನನ್ನ ದನಿ ನನಗೇ ಅಸಹ್ಯವಾಯಿತು. ಮಿಸ್ತ್ರಿಯ ಬೆರಳಿನ ಲೊಳೆ ಅದಕ್ಕಿಂತ ಎಷ್ಟೋ ವಾಸಿ. ಸಾಹೇಬರು ದೂರಿನಲ್ಲಿ ಹುರುಳಿಲ್ಲ ಎಂದು ಬರೆದು, ಸಹಿ ಮಾಡಿ, ಬಿಸ್ಕೀಟಿನ ಪುಡಿ ಝಾಡಿಸಿಕೊಂಡು ಎದ್ದರು.

ಹೆಂಗಸರು ಹೊರಗೆ ಬಂದು ತಂಗಿಯನ್ನು ಹರಿದು ತಿಂದರು. "ಸುಳ್ಳ ಬರಸಿ ನಮ್ಮ ಹೆಬ್ಬಟ್ಟು ಒತ್ತಿಸ್ದಿ" ಎಂದಳೊಬ್ಬಾಕೆ. ಇನ್ನೊಬ್ಬಾಕೆ, "ಇನ್ಮ್ಯಾಲ ನಮ್ಮ ಮನಿ ಬಾಗಿಲಿಗೆ ಬರಬ್ಯಾಡ" ಎಂದಳು. ಜಗಳಕ್ಕೆ ಎಂದೂ ಹಿಂದೆ ಸರಿಯದ ತಂಗಿ ಸೆರಗಿನ ತುದಿ ಹಿಡಿದುಕೊಂಡು ನಿಂತಿದ್ದಳು.

ನನ್ನನ್ನು ಕಳಿಸಲು ಗಾಡಿಯವರೆಗೆ ಬಂದಳು. "ತಪ್ಪು ತಿಳ್ಕೋಬ್ಯಾಡ ಅಣ್ಣಾ. ನನ್ನಿಂದ ನಿನಗ ಮಂದ್ಯಾಗ ಅವಮಾನ ಆಯ್ತು."

ನಾನು ಕೂತು ಚಾವಿ ತಿರುಗಿಸಿದೆ. ಬ್ಯಾಟರಿ ಹೊಸದು ಹಾಕಿಸಿದ್ದೆ, ಒಂದೇ ಸಲಕ್ಕೆ ಚಾಲೂ ಆಯಿತು. ತಂಗಿ ಕೊಳವೆಯ ಕಡೆಗೇ ನಿಂತಿದ್ದಳು. ಮೂಗು ಅರಳಿಸಿದಳು, ಕಣ್ಣು ಚಿಕ್ಕದು ಮಾಡಿದಳು. ಕಾರ್ಖಾನೆಯತ್ತ ನೋಡಿದಳು, ಗಾಡಿಯತ್ತ ನೋಡಲಿಲ್ಲ.

"ಅಣ್ಣಾ, ಈಗ ಮತ್ತ ಅದೇ ವಾಸನಿ..." ಎಂದವಳು ತಾನೇ ತಲೆ ಕೊಡವಿದಳು. "ಇಲ್ಲ ಬಿಡು. ನನ್ನ ಮೂಗಿಗೇ ಏನೋ ಆಗ್ಯದ."

ನಾನು ಗಾಜು ಏರಿಸಿ ಗೇರು ಹಾಕಿದೆ.